ಕಲ್ಲಿಗೆ ಜಾತಕ ಬರೆಯುವವರು: ಐಸೊಟೋಪ್ ಭೂರಸಾಯನ ವಿಜ್ಞಾನಿಯ ವೃತ್ತಿ ಮತ್ತು ಬಳಗದ ಋಣ

ಮುಂಡರಗಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಕಪ್ಪತಗುಡ್ಡದ ಶಿಲೆಗಳ ಬಗ್ಗೆ ಮಾತನಾಡಲು ಹೋಗಿದ್ದೆ. ಈ ಗುಡ್ಡದ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು ಎಂದು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಸರ, ಕಲ್ಲಿನ ಜಾತಕಾ ಬರದವ್ರು ಯಾರ್ರೀ? ಅವ್ರು ಬರದದ್ದು ಖರೇ ಐತಿ ಅಂತ ಮತ್ತ ಯಾರು ಹೇಳ್ತಾರ?" ಎಂದು ಕೇಳಿದಳು. ತರಗತಿ ನಕ್ಕಿತು. ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರ ಸಿದ್ಧವಿತ್ತು. ಎರಡನೆಯದಕ್ಕೆ ಅವಸರದಲ್ಲಿ ಏನೋ ಹೇಳಿ ಕುಳಿತೆ. ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಯೋಚಿಸಿದಾಗ, ಅವಳ ಎರಡನೆಯ ಪ್ರಶ್ನೆಯೇ ದೊಡ್ಡದು ಎನಿಸಿತು.

ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅಲ್ಲಿಯ ಚಿನ್ನದ ಮಾತು ಎದ್ದಾಗಲೆಲ್ಲ "ಧಾರವಾಡ ಶಿಲೆ", "ಕೋಟ್ಯಂತರ ವರ್ಷ" ಎಂಬ ಮಾತುಗಳು ಪತ್ರಿಕೆಗಳಲ್ಲಿ ಬರುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅವರು 1870ರ ದಶಕದಲ್ಲಿಯೇ ಇದೇ ಸಾಲಿನ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ಬರೆದಿದ್ದರು ಮತ್ತು ಮುಂದಿನ ದಶಕದಲ್ಲಿ ಇಂಥ ಶಿಲಾಸಮೂಹಕ್ಕೆ ನಮ್ಮ ಊರಿನ ಹೆಸರನ್ನೇ ಇಟ್ಟರು. ಯಾವ ಪದರ ಕೆಳಗಿದೆ, ಯಾವುದು ಮೇಲಿದೆ ಎಂದು ನೋಡಿ ಯಾವುದು ಮುದಿ, ಯಾವುದು ಎಳೆಯದು ಎಂದು ಹೇಳುವುದು ಅವರಿಗೆ ಸಾಧ್ಯವಿತ್ತು. ಆದರೆ ಅದರ ವಯಸ್ಸು ಎಷ್ಟು ಎಂಬ ಅಂಕಿಯನ್ನು ಹೇಳುವ ಸಾಧನ ಅವರ ಕಾಲದಲ್ಲಿ ಇರಲಿಲ್ಲ. ಆ ಅಂಕಿಯನ್ನು ಹೇಳುವ ವೃತ್ತಿಯವರೇ ಐಸೊಟೋಪ್ ಭೂರಸಾಯನ ವಿಜ್ಞಾನಿಗಳು.

ಐಸೊಟೋಪ್ ಎಂದರೇನು?

ಶಾಲೆಯ ಪಠ್ಯಪುಸ್ತಕದಲ್ಲಿ ಇದನ್ನು "ಸಮಸ್ಥಾನಿ" ಎಂದು ಓದಿರುತ್ತೇವೆ. ಒಂದೇ ಧಾತುವಿನ ಪರಮಾಣುಗಳೆಲ್ಲವೂ ರಾಸಾಯನಿಕವಾಗಿ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತವೆ. ಆದರೆ ಅವುಗಳಲ್ಲಿ ಕೆಲವು ತುಸು ಹಗುರ, ಕೆಲವು ತುಸು ಭಾರ. ಎಪಿಎಂಸಿಗೆ ಬಂದ ಜೋಳದ ಚೀಲಗಳು ನೋಡಲು ಒಂದೇ ಥರ ಇದ್ದು, ತಕ್ಕಡಿಗೆ ಹಾಕಿದಾಗ ಮಾತ್ರ ಒಂದು 100 ಕಿಲೋ, ಇನ್ನೊಂದು 101 ಕಿಲೋ ತೂಗಿದ ಹಾಗೆ. ಪರಮಾಣುವಿನ ಬೀಜದಲ್ಲಿರುವ ಪ್ರೋಟಾನುಗಳ ಸಂಖ್ಯೆ ಅದು ಯಾವ ಧಾತು ಎಂಬುದನ್ನು ತೀರ್ಮಾನಿಸುತ್ತದೆ. ಅದೇ ಬೀಜದೊಳಗಿನ ನ್ಯೂಟ್ರಾನುಗಳ ಸಂಖ್ಯೆ ಬದಲಾದರೆ ಧಾತು ಬದಲಾಗುವುದಿಲ್ಲ, ತೂಕ ಮಾತ್ರ ಬದಲಾಗುತ್ತದೆ. ಆಕ್ಸಿಜನ್-16 ಮತ್ತು ಆಕ್ಸಿಜನ್-18 ಎಂದು ಬರೆಯುವಾಗ ಹೆಸರಿನ ಮುಂದಿರುವ ಅಂಕಿ ಆ ತೂಕವನ್ನೇ ಸೂಚಿಸುತ್ತದೆ. ಪ್ರಕೃತಿಯಲ್ಲಿ ಸುಮಾರು 500 ಆಕ್ಸಿಜನ್ ಪರಮಾಣುಗಳಿಗೆ 1 ಆಕ್ಸಿಜನ್-18 ಸಿಗುತ್ತದೆ.

1913ರಲ್ಲಿ ಬ್ರಿಟನ್ನಿನ ರಸಾಯನ ವಿಜ್ಞಾನಿ ಫ್ರೆಡರಿಕ್ ಸಾಡಿ ಈ ಸಂಗತಿಯನ್ನು ವಿವರಿಸುವಾಗ ಅದಕ್ಕೊಂದು ಹೆಸರು ಬೇಕಾಯಿತು. "ಒಂದೇ ಸ್ಥಾನ" ಎಂಬ ಅರ್ಥದ ಗ್ರೀಕ್ ಪದಗಳಿಂದ ಐಸೊಟೋಪ್ ಎಂಬ ಹೆಸರನ್ನು ಕಟ್ಟಿಕೊಟ್ಟವರು ಮಾರ್ಗರೆಟ್ ಟಾಡ್ ಎಂಬ ವೈದ್ಯೆ. ಆವರ್ತಕ ಕೋಷ್ಟಕದಲ್ಲಿ ಇವೆಲ್ಲ ಒಂದೇ ಮನೆಯಲ್ಲಿ ಕೂರುತ್ತವೆ ಎಂಬುದು ಅದರ ಭಾವ. ಈ ವಿಜ್ಞಾನಕ್ಕೆ ಹೆಸರು ಕೂಡ ಹೊರಗಿನವರೊಬ್ಬರಿಂದ ಕಡ ಬಂದದ್ದು ಎಂಬುದು ನನಗೆ ಪ್ರತಿ ಸಲವೂ ಸೋಜಿಗವೆನಿಸುತ್ತದೆ.

ಐಸೊಟೋಪುಗಳಲ್ಲಿ ಎರಡು ಬಗೆ. ಸ್ಥಿರವಾದವು ಎಂದೆಂದಿಗೂ ಹಾಗೆಯೇ ಇರುತ್ತವೆ. ವಿಕಿರಣಶೀಲವಾದವು ಗೊತ್ತಾದ ವೇಗದಲ್ಲಿ ಬೇರೆ ಧಾತುಗಳಾಗಿ ಮಾರ್ಪಡುತ್ತವೆ. ಮೊದಲನೆಯವು "ಎಲ್ಲಿಂದ ಬಂತು?" ಎಂಬುದಕ್ಕೂ ಎರಡನೆಯವು "ಯಾವಾಗ ಆಯಿತು?" ಎಂಬುದಕ್ಕೂ ಹೆಚ್ಚಾಗಿ ಉತ್ತರ ಕೊಡುತ್ತವೆ.

ಬೋರ್‌ವೆಲ್ ನೀರಿಗೂ ಗುರುತಿನ ಚೀಟಿ

ಕೆರೆಯ ನೀರು ಬಿಸಿಲಿಗೆ ಆವಿಯಾಗುವಾಗ ಹಗುರವಾದ ನೀರಿನ ಅಣುಗಳು ಮೊದಲು ಏಳುತ್ತವೆ, ಭಾರದವು ಹಿಂದೆ ಉಳಿಯುತ್ತವೆ. ಮಳೆ ಬೀಳುವಾಗ ಇದು ಉಲ್ಟಾ. ಮೋಡದಲ್ಲಿರುವ ಭಾರದ ನೀರು ಮೊದಲು ಸುರಿಯುತ್ತದೆ. ಅರಬ್ಬಿ ಸಮುದ್ರದಿಂದ ಎದ್ದ ಮೋಡ ಪಶ್ಚಿಮ ಘಟ್ಟದ ಮೇಲೆ ಸುರಿದು, ಕಲಘಟಗಿ ದಾಟಿ ಗದಗಿನ ಕಡೆ ಬರುವಷ್ಟರಲ್ಲಿ ಅದರಲ್ಲಿರುವ ಭಾರದ ಪಾಲು ಕಡಿಮೆಯಾಗಿರುತ್ತದೆ. ಬೀಳುವ ಹನಿ ಒಣಗಾಳಿಯಲ್ಲಿ ದಾರಿಯಲ್ಲೇ ಆವಿಯಾಗುವುದು, ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬೇರೆ ಮಳೆ ಬರುವುದು ಮುಂತಾದವು ಈ ಲೆಕ್ಕವನ್ನು ತೊಡಕಾಗಿಸುತ್ತವೆಯಾದರೂ, ಮೂಲ ತತ್ವ ಇಷ್ಟೇ.

ಇದರಿಂದ ಊರಿಗೆ ಏನು ಉಪಯೋಗ? ಊರ ಕೆರೆಯನ್ನು ಹೂಳೆತ್ತಿದ ಮೇಲೆ ಪಕ್ಕದ ಬೋರ್‌ವೆಲ್‌ಗಳಿಗೆ ಅದರ ನೀರು ನಿಜವಾಗಿ ಇಳಿಯುತ್ತಿದೆಯೇ ಎಂದು ತಿಳಿಯಬೇಕಾದರೆ, ಬೇಸಿಗೆಯಲ್ಲಿ ಆವಿಯಾಗಿ "ಭಾರ"ವಾದ ಕೆರೆ ನೀರಿನ ಗುರುತು ಬೋರ್‌ವೆಲ್ ನೀರಿನಲ್ಲಿದೆಯೇ ಎಂದು ನೋಡಬಹುದು. ಆ ನೀರು ಎಷ್ಟು ಹಳೆಯದು ಎಂಬುದಕ್ಕೆ ಟ್ರೈಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ನೆರವಾಗುತ್ತದೆ. ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧದಷ್ಟು ಕರಗಲು ಬೇಕಾಗುವ ಕಾಲ, ಸುಮಾರು 12.3 ವರ್ಷ. 1950 ಮತ್ತು 60ರ ದಶಕದ ಹೈಡ್ರೋಜನ್ ಬಾಂಬ್ ಪರೀಕ್ಷೆಗಳಿಂದ ಅದು ಮಳೆಯಲ್ಲಿ ವಿಪರೀತ ಹೆಚ್ಚಿತ್ತು. ಆಳದ ನೀರಿನಲ್ಲಿ ಅದು ಬಹುಪಾಲು ಇಲ್ಲವೇ ಇಲ್ಲ ಎಂದಾದರೆ, ಆ ನೀರು ಆ ಪರೀಕ್ಷೆಗಳಿಗೂ ಮೊದಲು ಭೂಮಿಗಿಳಿದದ್ದು ಎಂದು ತಿಳಿಯಬಹುದು. ಅಂದರೆ ನಾವು ಮೇಲೆತ್ತುತ್ತಿರುವುದು ಅಜ್ಜನ ಕಾಲದ ಮಳೆಯನ್ನು.

ನೀರಿನಲ್ಲಿ ನೈಟ್ರೇಟ್ ಹೆಚ್ಚಾಗಿದ್ದರೆ, ಅದು ಯೂರಿಯಾ ಗೊಬ್ಬರದ್ದೋ ಚರಂಡಿಯದ್ದೋ ಎಂದು ನೈಟ್ರೋಜನ್-15ರ ಪ್ರಮಾಣ ಸೂಚಿಸುತ್ತದೆ. ಗೊಬ್ಬರದ ನೈಟ್ರೋಜನ್ ಗಾಳಿಯಿಂದ ತಯಾರಾದದ್ದು, ಹೀಗಾಗಿ ಗಾಳಿಯನ್ನೇ ಹೋಲುತ್ತದೆ. ಮಲ ಮತ್ತು ಸೆಗಣಿಯ ಮೂಲದ್ದರಲ್ಲಿ ಭಾರದ ಪಾಲು ಹೆಚ್ಚು.

ಇಲ್ಲೊಂದು ಮಿತಿಯನ್ನು ಹೇಳಲೇಬೇಕು. ಗದಗ ಜಿಲ್ಲೆಯ ಜನರಿಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಫ್ಲೋರೈಡ್. ಅದರ ಮೂಲವನ್ನೂ ಹೀಗೆಯೇ ಪತ್ತೆ ಹಚ್ಚಬಹುದಲ್ಲ ಎಂದು ಯಾರಾದರೂ ಕೇಳಿದರೆ, ನೇರವಾಗಿ ಆಗದು ಎಂಬುದೇ ಉತ್ತರ. ಫ್ಲೋರೀನಿಗೆ ಇರುವುದು ಒಂದೇ ಒಂದು ಸ್ಥಿರ ಐಸೊಟೋಪ್. ಹೋಲಿಸಲು ಜೊತೆಯೇ ಇಲ್ಲದಿದ್ದರೆ ಪ್ರಮಾಣ ಎಲ್ಲಿಂದ ಬರಬೇಕು? ಆಗ ವಿಜ್ಞಾನಿ ಸುತ್ತು ಬಳಸಿ ಹೋಗುತ್ತಾನೆ: ಆ ನೀರು ಎಷ್ಟು ಹಳೆಯದು, ಗ್ರಾನೈಟ್ ಮತ್ತು ನೈಸ್ ಶಿಲೆಗಳ ಸಂದಿಯಲ್ಲಿ ಎಷ್ಟು ಕಾಲ ನಿಂತಿತ್ತು ಎಂದು ನೋಡುತ್ತಾನೆ, ಯಾಕೆಂದರೆ ನೀರು ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದಷ್ಟೂ ಅದರೊಳಗೆ ಫ್ಲೋರೈಡ್ ಕರಗಲು ಹೆಚ್ಚು ಅವಕಾಶವಿರುತ್ತದೆ.

ಇನ್ನೊಂದು ಉದಾಹರಣೆ ಊಟದ ತಟ್ಟೆಯದು. ಜೋಳ, ಗೋವಿನಜೋಳ ಮತ್ತು ಕಬ್ಬು ಗಾಳಿಯ ಕಾರ್ಬನ್ನನ್ನು ಹೀರುವ ಕ್ರಮ ಭತ್ತ, ಗೋಧಿಗಳ ಕ್ರಮಕ್ಕಿಂತ ಬೇರೆ. ಅದರಿಂದ ಅವುಗಳಲ್ಲಿ ಕಾರ್ಬನ್-13 ತುಸು ಹೆಚ್ಚು. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆ ಬೆರೆಸಿದ್ದನ್ನು ಹಿಡಿಯುವುದು ಈ ತತ್ವದಿಂದಲೇ. ನಾವು ಉಂಡದ್ದೇ ನಮ್ಮ ಕೂದಲಾಗುವುದರಿಂದ, ಮೂರು ಹೊತ್ತೂ ಜೋಳದ ರೊಟ್ಟಿ ಉಣ್ಣುವವನ ಕೂದಲು ಬರೀ ಅನ್ನ ಉಣ್ಣುವವನ ಕೂದಲಿಗಿಂತ ಬೇರೆ ಲೆಕ್ಕ ತೋರಿಸುತ್ತದೆ.

ಕಲ್ಲಿನೊಳಗಿನ ಗಡಿಯಾರ

ಈಗ ಜಾತಕದ ಮಾತು. ಜಾತ್ರೆ ಮುಗಿದ ರಾತ್ರಿಯನ್ನು ನೆನೆಯೋಣ. ಬಯಲಿನಲ್ಲಿರುವ ಜನರಲ್ಲಿ ಪ್ರತಿ ಗಂಟೆಗೆ ಅರ್ಧದಷ್ಟು ಮಂದಿ ಮನೆಗೆ ಹೊರಡುತ್ತಾರೆ ಎಂದುಕೊಳ್ಳಿ. ಯಾರು ಯಾವಾಗ ಹೊರಡುತ್ತಾರೆ ಎಂದು ಹೇಳಲಾಗದು, ಆದರೆ ಇಡೀ ಗುಂಪು ಕರಗುವ ವೇಗವನ್ನು ಹೇಳಬಹುದು. ವಿಕಿರಣಶೀಲ ಪರಮಾಣುಗಳೂ ಹಾಗೆಯೇ. ಅರ್ಧದಷ್ಟು ಕರಗಲು ಬೇಕಾಗುವ ಕಾಲಕ್ಕೆ ಅರ್ಧಾಯು ಎನ್ನುತ್ತಾರೆ. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷ. ಅದು ಕೊನೆಗೆ ಸೀಸ-206 ಆಗುತ್ತದೆ. ಯುರೇನಿಯಂ-235ರದು ಸುಮಾರು 70 ಕೋಟಿ ವರ್ಷ. ಅದು ಸೀಸ-207 ಆಗುತ್ತದೆ.

ಈ ಲೆಕ್ಕ ನಡೆಯಲು ಬಾಗಿಲು ಹಾಕಿದ ಕೋಣೆಯೊಂದು ಬೇಕು. ಜಿರ್ಕಾನ್ ಎಂಬ ಖನಿಜ ಅಂಥ ಕೋಣೆ. ಕರಗಿದ ಶಿಲಾರಸ ತಣ್ಣಗಾಗುವಾಗ ಹುಟ್ಟುವ ಈ ಹರಳು, ಕೂದಲೆಳೆಯ ದಪ್ಪದಷ್ಟೇ ಇದ್ದರೂ ಬಹಳ ಗಟ್ಟಿ. ಅದು ಹುಟ್ಟುವಾಗ ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಾಗಿಲಲ್ಲೇ ತಡೆಯುತ್ತದೆ. ಹೀಗಾಗಿ ಇಂದು ಅದರೊಳಗೆ ಸಿಗುವ ಸೀಸವೆಲ್ಲ ಹೆಚ್ಚುಕಡಿಮೆ ಅಲ್ಲಿಯೇ ಹುಟ್ಟಿದ್ದು. ಉಳಿದ ಯುರೇನಿಯಂ ಎಷ್ಟು, ಹುಟ್ಟಿದ ಸೀಸ ಎಷ್ಟು ಎಂದು ಎಣಿಸಿದರೆ ಕಾಲ ಸಿಗುತ್ತದೆ. ನಡುವೆ ಎಂದಾದರೂ ಬಾಗಿಲು ತೆರೆದು ಸೀಸ ಸೋರಿದ್ದರೆ? ಅದಕ್ಕೇ ಒಂದೇ ಹರಳಿನಲ್ಲಿ ಬೇರೆ ಬೇರೆ ವೇಗದಲ್ಲಿ ನಡೆಯುವ ಎರಡು ಗಡಿಯಾರಗಳಿರುವುದು ವರವಾಗಿದೆ. ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು; ತೋರಿಸದಿದ್ದರೆ ಆ ಹರಳಿನ ಮೇಲೆ ಏನೋ ನಡೆದಿದೆ ಎಂದರ್ಥ.

ತೂರಿ ಬೇರ್ಪಡಿಸುವ ಯಂತ್ರ

ರಾಶಿ ಮಾಡುವ ಕಣವನ್ನು ನೋಡಿದವರಿಗೆ ಮಾಸ್ ಸ್ಪೆಕ್ಟ್ರೋಮೀಟರನ್ನು ವಿವರಿಸುವುದು ಕಷ್ಟವಲ್ಲ. ಎತ್ತರದಲ್ಲಿ ನಿಂತು ಮೊರದಿಂದ ಜೋಳವನ್ನು ಗಾಳಿಗೆ ಬಿಟ್ಟಾಗ ಗಟ್ಟಿ ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಜಳ್ಳು ತುಸು ಆಚೆ, ಹೊಟ್ಟು ಇನ್ನೂ ದೂರ. ಯಂತ್ರದೊಳಗೆ ಗಾಳಿಯ ಬದಲು ಅಯಸ್ಕಾಂತವಿದೆ. ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು, ನಿರ್ವಾತದಲ್ಲಿ ಓಡಿಸಿ, ಅಯಸ್ಕಾಂತದ ಮುಂದೆ ಹಾಯಿಸಿದರೆ ಹಗುರವಾದವು ಹೆಚ್ಚು ಬಾಗುತ್ತವೆ, ಭಾರವಾದವು ಕಡಿಮೆ. ಬೇರೆ ಬೇರೆ ಜಾಗದಲ್ಲಿ ಬಿದ್ದವನ್ನು ಎಣಿಸುವುದಷ್ಟೇ ಉಳಿದ ಕೆಲಸ.

ಹೇಳಲು ಸುಲಭ, ಮಾಡಲು ಹಾಗಲ್ಲ. ಗುಡ್ಡದಿಂದ ಮಳೆಬಿಸಿಲು ತಾಗದ ತಾಜಾ ಕಲ್ಲನ್ನು ಸುತ್ತಿಗೆಯಿಂದ ಒಡೆದು ತರಬೇಕು. ಅದನ್ನು ಪುಡಿ ಮಾಡಿ, ತೊಳೆದು, ಭಾರದ ದ್ರವದಲ್ಲಿ ಮುಳುಗಿಸಿ, ಅಯಸ್ಕಾಂತ ಆಡಿಸಿ, ಕೊನೆಗೆ ಸೂಕ್ಷ್ಮದರ್ಶಕದ ಅಡಿಯಲ್ಲಿ ಅಕ್ಕಿಯೊಳಗಿನ ಹರಳು ಆರಿಸಿದಂತೆ ಒಂದೊಂದೇ ಜಿರ್ಕಾನನ್ನು ಚಿಮುಟದಿಂದ ಆರಿಸಬೇಕು. ಬಳಿಕ ಬಿಸಿ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದನ್ನು ಕರಗಿಸುವುದು. ಒಂದು ಹರಳಿನಲ್ಲಿರುವ ಸೀಸವನ್ನು ಲೆಕ್ಕ ಹಾಕುವುದು ಪಿಕೋಗ್ರಾಂಗಳಲ್ಲಿ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ. ಅಷ್ಟು ಕಡಿಮೆ ವಸ್ತುವನ್ನು ಹಿಡಿಯಲು ಹೊರಟಾಗ ಬೆವರು, ಧೂಳು, ಗಾಜಿನ ಪಾತ್ರೆ ಎಲ್ಲವೂ ಶತ್ರುಗಳೇ. ಅದಕ್ಕಾಗಿ ಕಲ್ಲನ್ನು ಹಾಕದೆ ಬರೀ ಆಮ್ಲವನ್ನೇ ಆರಂಭದಿಂದ ಕೊನೆಯವರೆಗೆ ಎಲ್ಲ ಹಂತಗಳಲ್ಲಿ ದಾಟಿಸಿ, ಕೊನೆಗೆ ಎಷ್ಟು ಸೀಸ ಸಿಕ್ಕಿತು ಎಂದು ನೋಡುತ್ತಾರೆ. ಈ "ಖಾಲಿ" ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಬ್ಲಾಂಕ್ ಎನ್ನುತ್ತಾರೆ. ಅಲ್ಲಿ ಸಿಕ್ಕಿದ್ದೆಲ್ಲ ನಮ್ಮದೇ ಕೊಳೆ.

ಆ ಕೊಳೆಯ ಬೆನ್ನು ಹತ್ತಿದವರು

ಈ ವೃತ್ತಿಯ ಬದುಕು ಹೇಗಿರುತ್ತದೆ ಎಂದು ತೋರಿಸಲು ನಾನು ಆರಿಸಿಕೊಳ್ಳುವುದು ಕ್ಲೇರ್ ಪ್ಯಾಟರ್‌ಸನ್ ಅವರನ್ನು. 1922ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಹುಟ್ಟಿದ ಅವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿದಾಗ, ಮಾರ್ಗದರ್ಶಕ ಹ್ಯಾರಿಸನ್ ಬ್ರೌನ್ ಒಂದೇ ಕೆಲಸವನ್ನು ಇಬ್ಬರಿಗೆ ಹಂಚಿದರು: ಯುರೇನಿಯಂ ಅಳೆಯುವುದು ಜಾರ್ಜ್ ಟಿಲ್ಟನ್ ಪಾಲಿಗೆ, ಸೀಸ ಅಳೆಯುವುದು ಪ್ಯಾಟರ್‌ಸನ್ ಪಾಲಿಗೆ. ಟಿಲ್ಟನ್ ಅವರ ಅಂಕಿಗಳು ಸರಿಯಾಗಿ ಬಂದವು. ಪ್ಯಾಟರ್‌ಸನ್ ಅವರಿಗೆ ಮಾತ್ರ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ಸೀಸ ಸಿಗುತ್ತಿತ್ತು. ನೀರಿನಲ್ಲಿ, ಆಮ್ಲದಲ್ಲಿ, ಗಾಜಿನಲ್ಲಿ, ಗಾಳಿಯಲ್ಲಿ, ಮನುಷ್ಯರ ಕೂದಲಿನಲ್ಲಿ, ಎಲ್ಲೆಲ್ಲೂ ಸೀಸ. ಬೇರೆಯವರಾಗಿದ್ದರೆ ಬೇಸತ್ತು ವಿಷಯವನ್ನೇ ಬದಲಿಸುತ್ತಿದ್ದರೇನೋ. ಇವರು ವರ್ಷಗಟ್ಟಲೆ ಉಜ್ಜಿದರು, ತೊಳೆದರು, ಆಮ್ಲವನ್ನು ಬಟ್ಟಿ ಇಳಿಸಿದರು; ಮುಂದೆ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಶೋಧಿಸಿದ ಗಾಳಿ ಮಾತ್ರ ಒಳಬರುವ ಅತಿಶುದ್ಧ ಪ್ರಯೋಗಾಲಯವೊಂದನ್ನು ಕಟ್ಟಿದರು. ಆ ಬಗೆಯ ಶುದ್ಧಕೋಣೆ ಇಂದು ಈ ವಿಜ್ಞಾನದ ಕಡ್ಡಾಯ ಅಂಗ.

ಆ ಶುಚಿತ್ವದ ಫಲವಾಗಿ, ಅರಿಜೋನಾದ ಕ್ಯಾನ್ಯನ್ ಡಯಾಬ್ಲೋ ಉಲ್ಕೆ ಮತ್ತು ಇತರ ಉಲ್ಕೆಗಳ ಸೀಸವನ್ನು ಅಳೆದು, 1956ರಲ್ಲಿ ಅವರು ಪ್ರಕಟಿಸಿದ ಭೂಮಿಯ ವಯಸ್ಸು 455 ಕೋಟಿ ವರ್ಷ, 7 ಕೋಟಿ ಹೆಚ್ಚುಕಡಿಮೆ. ಸುಮಾರು 70 ವರ್ಷಗಳ ನಂತರವೂ ಆ ಅಂಕಿ ಹೆಚ್ಚು ಕದಲಿಲ್ಲ.

ಅಲ್ಲಿಗೆ ಅವರ ಕೆಲಸ ಮುಗಿಯಬಹುದಿತ್ತು. ಆದರೆ ತಮ್ಮ ಪಾತ್ರೆಗೆ ಬೀಳುತ್ತಿದ್ದ ಸೀಸ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ. ಸಮುದ್ರದ ನೀರನ್ನು ಅಳೆದು, ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಇಡೀ ಜಗತ್ತಿನ ಗಾಳಿಯನ್ನು ಕೆಡಿಸಿದೆ ಎಂದು 1965ರಲ್ಲಿ ಬಹಿರಂಗವಾಗಿ ಬರೆದರು; ಮುಂದೆ ಅವರು ಅಳೆದ ಗ್ರೀನ್‌ಲ್ಯಾಂಡಿನ ಹಿಮವೂ ಅದನ್ನೇ ತೋರಿಸಿತು. ಉದ್ಯಮದಿಂದ ಸಂಶೋಧನೆಗೆ ಬರುತ್ತಿದ್ದ ಹಣ ನಿಂತಿತು. 1971ರಲ್ಲಿ ಗಾಳಿಯ ಸೀಸದ ಬಗ್ಗೆ ಅಮೆರಿಕದಲ್ಲಿ ತಜ್ಞರ ಸಮಿತಿಯೊಂದು ವರದಿ ಬರೆದಾಗ, ಅದನ್ನು ಎಲ್ಲರಿಗಿಂತ ಚೆನ್ನಾಗಿ ಅಳೆಯಬಲ್ಲ ಈ ಮನುಷ್ಯನಿಗೆ ಅದರಲ್ಲಿ ಜಾಗವಿರಲಿಲ್ಲ. ಅವರು ಮತ್ತೆ ಪ್ರಯೋಗಾಲಯಕ್ಕೆ ಹೋಗಿ ಅಳೆದರು. ಇತರ ಪ್ರಯೋಗಾಲಯಗಳ ಅಂಕಿಗಳು ಕೊಳೆಯಿಂದ ಕೆಟ್ಟಿವೆ ಎಂದು ನೇರವಾಗಿಯೇ ಹೇಳಿ, ಶುದ್ಧವಾಗಿ ಅಳೆಯುವ ಕ್ರಮವನ್ನು ಕೇಳಿದವರಿಗೆ ಕಲಿಸಿದರು. ಅಮೆರಿಕದಲ್ಲಿ ಸೀಸದ ಪೆಟ್ರೋಲ್ ಹಂತಹಂತವಾಗಿ ಇಳಿದು, 1996ರ ಹೊತ್ತಿಗೆ ರಸ್ತೆಯ ವಾಹನಗಳಿಗೆ ಪೂರ್ತಿ ನಿಷೇಧವಾಯಿತು. ಭಾರತದಲ್ಲಿ 2000ದಲ್ಲಿ, ಜಗತ್ತಿನಲ್ಲೇ ಕೊನೆಯದಾಗಿ ಅಲ್ಜೀರಿಯಾದಲ್ಲಿ 2021ರಲ್ಲಿ ಅದು ನಿಂತಿತು. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದ ಸಿಗ್ನಲ್ಲಿನಲ್ಲಿ ನಿಂತು ಹೊಗೆ ಕುಡಿಯುವಾಗ ಆ ಹೊಗೆಯಲ್ಲಿ ಪೆಟ್ರೋಲಿನ ಸೀಸವಾದರೂ ಇಲ್ಲದಿರುವುದರಲ್ಲಿ ಈ ಕಲ್ಲಿನ ಲೆಕ್ಕಿಗನ ಪಾಲೂ ಇದೆ. ಪ್ಯಾಟರ್‌ಸನ್ 1995ರಲ್ಲಿ ತೀರಿಕೊಂಡರು.

"ಖರೇ ಐತಿ ಅಂತ ಯಾರು ಹೇಳ್ತಾರ?"

ಹುಡುಗಿಯ ಎರಡನೆಯ ಪ್ರಶ್ನೆಗೆ ಬರೋಣ. ಪತ್ತಾರರ ಅಂಗಡಿಯಲ್ಲಿ ಒರೆಗಲ್ಲಿನ ಮೇಲೆ ನಮ್ಮ ಚಿನ್ನದಿಂದ ಒಂದು ಗೆರೆ ಎಳೆದರೆ ಸಾಲದು. ಅದರ ಪಕ್ಕದಲ್ಲಿ ಶುದ್ಧತೆ ಗೊತ್ತಿರುವ ಚಿನ್ನದ ಗೆರೆಯೂ ಬೇಕು. ಐಸೊಟೋಪ್ ಅಳತೆಯೂ ಹಾಗೆಯೇ. ಯಂತ್ರ ಎಷ್ಟೇ ದುಬಾರಿಯಾಗಿದ್ದರೂ ಅದು ಹೇಳುವುದು "ಇದಕ್ಕಿಂತ ಅದು ಇಷ್ಟು ಹೆಚ್ಚು" ಎಂಬುದನ್ನು ಮಾತ್ರ. ಆ "ಇದು" ಯಾವುದು ಎಂಬುದನ್ನು ಜಗತ್ತಿನ ಪ್ರಯೋಗಾಲಯಗಳೆಲ್ಲ ಕೂಡಿ ಒಪ್ಪಬೇಕು.

ನೀರಿಗೆ ಆ ಒರೆಯ ಗೆರೆ ಸಮುದ್ರದ ನೀರು. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಅದನ್ನು ತಯಾರಿಸಿ, ಪುಟ್ಟ ಸೀಸೆಗಳಲ್ಲಿ ಪ್ರಯೋಗಾಲಯಗಳಿಗೆ ಹಂಚುತ್ತದೆ. ಯಾವುದೇ ಬೋರ್‌ವೆಲ್ ನೀರಿನ ಆಕ್ಸಿಜನ್-18ರ ಅಂಕಿ, ಆ ಸಮುದ್ರದ ನೀರಿಗಿಂತ ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬ ರೂಪದಲ್ಲಿರುತ್ತದೆ. ಕಾರ್ಬನ್ನಿಗೆ ಇಟ್ಟುಕೊಂಡ ಮೊದಲ ಒರೆ ಅಮೆರಿಕದ ದಕ್ಷಿಣ ಕ್ಯಾರೊಲಿನಾದ ಪೀಡೀ ಶಿಲಾಸ್ತರದಲ್ಲಿ ಸಿಕ್ಕ ಒಂದು ಸಮುದ್ರಜೀವಿಯ ಪಳೆಯುಳಿಕೆ. ಕೇಳಿದವರಿಗೆಲ್ಲ ಪುಡಿ ಕೊಡುತ್ತ ಹೋದದ್ದರಿಂದ ಅದು ಮುಗಿದೇ ಹೋಯಿತು! ಬಳಿಕ ಅದರ ಜಾಗಕ್ಕೆ ಬಿಳಿ ಅಮೃತಶಿಲೆಯ ಪುಡಿಯೊಂದನ್ನು ತಂದರು. ಅದೂ ಮುಗಿಯುತ್ತ ಬಂದು, ಮತ್ತೊಂದನ್ನು ತಯಾರಿಸಬೇಕಾಯಿತು. ಪ್ರತಿ ಸಲವೂ ಹೊಸದನ್ನು ಹಳೆಯದರ ಜೊತೆ ಹೋಲಿಸಿ, ಅನೇಕ ಪ್ರಯೋಗಾಲಯಗಳು ತಮ್ಮ ಕೆಲಸ ಬದಿಗಿಟ್ಟು ಅಳೆದುಕೊಡಬೇಕು. ಇದರಿಂದ ಯಾರಿಗೂ ಪ್ರಶಸ್ತಿ ಬರುವುದಿಲ್ಲ. ಆದರೆ ಇದಿಲ್ಲದಿದ್ದರೆ ಬೆಂಗಳೂರಿನಲ್ಲಿ ಅಳೆದ ಅಂಕಿಗೂ ಬರ್ಲಿನ್ನಿನಲ್ಲಿ ಅಳೆದ ಅಂಕಿಗೂ ನಂಟೇ ಇರುವುದಿಲ್ಲ.

ಜಿರ್ಕಾನಿಗೂ ಇಂಥದೊಂದು ಒರೆಯಿದೆ. ಕೆನಡಾದ ಒಂಟಾರಿಯೋದಲ್ಲಿ ಸಿಕ್ಕ, ಹಾರ್ವರ್ಡ್ ವಿಶ್ವವಿದ್ಯಾಲಯದ ಖನಿಜ ಸಂಗ್ರಹಾಲಯದಲ್ಲಿ 91500 ಎಂಬ ಸಂಖ್ಯೆ ಹೊತ್ತಿದ್ದ ಒಂದೇ ಹರಳು, ತೂಕ 238 ಗ್ರಾಂ. (ಯುರೇನಿಯಂ-238ಕ್ಕೂ ಇದಕ್ಕೂ ಸಂಬಂಧವಿಲ್ಲ, ಕಾಕತಾಳೀಯ ಅಷ್ಟೇ.) ಅದನ್ನು ಒಡೆದು ಚೂರುಗಳನ್ನು ಜಗತ್ತಿನಾದ್ಯಂತ ಹಂಚಲಾಗಿದೆ. ಅದರ ವಯಸ್ಸು ಸುಮಾರು 106 ಕೋಟಿ ವರ್ಷ ಎಂದು ಅನೇಕ ಕಡೆ ಅಳೆದು ಒಪ್ಪಲಾಗಿದೆ. ಧಾರವಾಡ ಶಿಲೆಯ ಹರಳನ್ನು ಅಳೆಯುವ ಮುನ್ನ, ನಡುವೆ ಮತ್ತು ನಂತರ ಈ ಚೂರನ್ನು ಅಳೆಯುತ್ತಾರೆ. ಇದರ ವಯಸ್ಸು ಸರಿಯಾಗಿ ಬಾರದಿದ್ದರೆ ಆ ದಿನದ ಉಳಿದ ಅಂಕಿಗಳನ್ನೂ ನಂಬುವಂತಿಲ್ಲ.

ಎಷ್ಟು ಪರಮಾಣುಗಳಿವೆ ಎಂದು ಎಣಿಸುವ ಉಪಾಯವೊಂದನ್ನೂ ಇಲ್ಲಿಯೇ ಹೇಳಬೇಕು. ಕೆರೆಯಲ್ಲಿ ಎಷ್ಟು ಮೀನುಗಳಿವೆ ಎಂದು ತಿಳಿಯಲು, ಗುರುತು ಹಾಕಿದ 100 ಮೀನುಗಳನ್ನು ಬಿಟ್ಟು, ಬೆರೆತ ಮೇಲೆ ಬಲೆ ಬೀಸಿ, ಸಿಕ್ಕ 10ರಲ್ಲಿ 1 ಗುರುತಿನದಾಗಿದ್ದರೆ ಒಟ್ಟು ಸುಮಾರು 1,000 ಎಂದು ಲೆಕ್ಕ ಹಾಕಬಹುದು. ಹರಳು ಕರಗಿದ ಆಮ್ಲಕ್ಕೂ ಹೀಗೆಯೇ ಪ್ರಕೃತಿಯಲ್ಲಿ ಸಿಗದ ಸೀಸ-205ರಂಥ ಐಸೊಟೋಪನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸುತ್ತಾರೆ. ಪ್ರತಿ ಪ್ರಯೋಗಾಲಯವೂ ತನ್ನದೇ "ಗುರುತಿನ ಮೀನು" ತಯಾರಿಸಿಕೊಂಡಾಗ, ಒಂದೇ ಶಿಲೆಗೆ ಸಣ್ಣಪುಟ್ಟ ವ್ಯತ್ಯಾಸದ ವಯಸ್ಸುಗಳು ಬರುತ್ತಿದ್ದವು. 2000ದ ದಶಕದಲ್ಲಿ ಅಮೆರಿಕದ ಎಂಐಟಿಯ ಸ್ಯಾಮುಯೆಲ್ ಬೌರಿಂಗ್ ಮತ್ತು ಅವರ ಜೊತೆಗಾರರು ಅರ್ತ್‌ಟೈಮ್ ಎಂಬ ಕೂಟವನ್ನು ಕಟ್ಟಿ, ಒಂದೇ ದ್ರಾವಣವನ್ನು ಎಚ್ಚರದಿಂದ ತಯಾರಿಸಿ ಬೇರೆ ಬೇರೆ ಪ್ರಯೋಗಾಲಯಗಳಿಗೆ, ತಮ್ಮ ಪ್ರತಿಸ್ಪರ್ಧಿಗಳಿಗೂ, ಹಂಚಿದರು. ಬೌರಿಂಗ್ ಸ್ವತಃ ಕೆನಡಾದ ಅಕಾಸ್ಟಾ ನೈಸ್ ಎಂಬ 400 ಕೋಟಿ ವರ್ಷ ಹಳೆಯ ಶಿಲೆಯ ಅಧ್ಯಯನದಿಂದ ಹೆಸರಾದವರು. ನನ್ನ ಎಣಿಕೆಯಲ್ಲಿ ಆ ದ್ರಾವಣದ ಹಂಚಿಕೆ ಅದಕ್ಕಿಂತ ಕಡಿಮೆಯ ಕೆಲಸವಲ್ಲ.

ಇನ್ನು ಅಂಕಿಯನ್ನು ಬಚ್ಚಿಡದಿರುವ ಶಿಸ್ತು. ರುಬಿಡಿಯಂ-87 ಸ್ಟ್ರಾನ್ಷಿಯಂ-87 ಆಗುವ ವೇಗಕ್ಕೆ ಬೇರೆ ಬೇರೆಯವರು ಬೇರೆ ಬೇರೆ ಮೌಲ್ಯ ಬಳಸುತ್ತಿದ್ದರು. ಎಲ್ಲರೂ ಬಳಸಬೇಕಾದ ಮೌಲ್ಯಗಳನ್ನು 1977ರಲ್ಲಿ ಅಂತರರಾಷ್ಟ್ರೀಯ ಉಪಸಮಿತಿಯೊಂದು ಪ್ರಕಟಿಸಿತು. ಹಳೆಯ ಮೌಲ್ಯಗಳಲ್ಲೊಂದನ್ನು ಬಳಸಿ 300 ಕೋಟಿ ವರ್ಷ ಎಂದು ಬರೆದಿದ್ದ ಶಿಲೆ, ಹೊಸ ಲೆಕ್ಕದಲ್ಲಿ ಸುಮಾರು 294 ಕೋಟಿ ವರ್ಷದ್ದಾಯಿತು. ಹಳೆಯ ಲೇಖನಗಳ ಲೇಖಕರು ಬರೀ ವಯಸ್ಸನ್ನಷ್ಟೇ ಬರೆದು, ತಾವು ಬಳಸಿದ ಮೌಲ್ಯವನ್ನಾಗಲಿ ಯಂತ್ರ ಕೊಟ್ಟ ಮೂಲ ಪ್ರಮಾಣಗಳನ್ನಾಗಲಿ ಕೋಷ್ಟಕದಲ್ಲಿ ಮುದ್ರಿಸದಿದ್ದರೆ ಈ ತಿದ್ದುಪಡಿ ಅಸಾಧ್ಯವಾಗುತ್ತಿತ್ತು. ತಾವು ತೀರಿಹೋದ ಮೇಲೆ ಯಾರೋ ತಮ್ಮನ್ನು ತಿದ್ದಲಿ ಎಂದೇ ಅವರು ಆ ಕೋಷ್ಟಕಗಳನ್ನು ಬಿಟ್ಟುಹೋದರು.

ಲೇಖನ ಅಚ್ಚಾಗುವ ಮುನ್ನ ಅದೇ ವಿಷಯ ಬಲ್ಲ ಇಬ್ಬರು ಮೂವರು ಅದನ್ನು ಓದಿ ತಪ್ಪು ಹುಡುಕುತ್ತಾರೆ. ಬ್ಲಾಂಕ್ ಎಷ್ಟಿತ್ತು, ಒರೆಯ ಹರಳಿಗೆ ಎಷ್ಟು ಬಂತು, ಹೆಚ್ಚುಕಡಿಮೆ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಲೇಖನ ವಾಪಸ್ಸು ಬರುತ್ತದೆ. ಈ ಓದಿಗೆ ಸಾಮಾನ್ಯವಾಗಿ ಸಂಬಳವಿಲ್ಲ, ಓದಿದವರ ಹೆಸರೂ ಬಹುತೇಕ ಹೊರಗೆ ಬರುವುದಿಲ್ಲ. ತಮ್ಮ ಲೇಖನವನ್ನು ಹಿಂದೆ ಯಾರೋ ಹೀಗೆಯೇ ಓದಿಕೊಟ್ಟಿದ್ದರು ಎಂಬ ಋಣವೇ ಅದರ ಬಂಡವಾಳ.

ನಮ್ಮಲ್ಲಿ ಈ ದಾರಿ ತೆರೆದವರು, ಇಂದಿನ ದಾರಿ

ಭಾರತದಲ್ಲಿ ಈ ಕ್ಷೇತ್ರವನ್ನು ಕಟ್ಟಿದವರಲ್ಲಿ ದೇವೇಂದ್ರ ಲಾಲ್ ಪ್ರಮುಖರು. 1929ರಲ್ಲಿ ವಾರಾಣಸಿಯಲ್ಲಿ ಹುಟ್ಟಿದ ಅವರು, ಬಾಹ್ಯಾಕಾಶದ ವಿಶ್ವಕಿರಣಗಳು ನಮ್ಮ ಗಾಳಿಯಲ್ಲಿ ಮತ್ತು ಕಲ್ಲಿನಲ್ಲಿ ಹುಟ್ಟಿಸುವ ಅಪರೂಪದ ಐಸೊಟೋಪುಗಳನ್ನು ಹುಡುಕಿ, ಅವುಗಳಿಂದ ಸಮುದ್ರದ ನೀರಿನ ಚಲನೆಯನ್ನೂ ನೆಲದ ಸವಕಳಿಯನ್ನೂ ಅಳೆಯುವ ದಾರಿ ತೋರಿಸಿದರು. 1972ರಿಂದ 1983ರವರೆಗೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾಗಿದ್ದು, ನಂತರ ಭೂಮಾಪನ ಮತ್ತು ಭೂಭೌತ ವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟದ ಅಧ್ಯಕ್ಷರೂ ಆದರು. ಇತ್ತ ಬೆಂಗಳೂರಿನಲ್ಲಿ 1958ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಬಿ.ಪಿ. ರಾಧಾಕೃಷ್ಣ ದಶಕಗಳ ಕಾಲ ಬೆಳೆಸಿದರು. ಅವರು ಐಸೊಟೋಪ್ ತಜ್ಞರಲ್ಲ. ಆದರೆ ಧಾರವಾಡ ಶಿಲೆಗಳ ಬಗ್ಗೆ ನಡೆದ ಚರ್ಚೆಗಳಿಗೆ ಆ ಸಂಘದ ನಿಯತಕಾಲಿಕ ಒಂದು ಚಾವಡಿಯಾಯಿತು, ಅದರ ಸಂಪಾದಕೀಯದ ಹೊರೆಯನ್ನು ಹೊತ್ತವರು ಅವರು.

ಗದಗ, ಹಾವೇರಿ ಅಥವಾ ಹುಬ್ಬಳ್ಳಿಯ ವಿದ್ಯಾರ್ಥಿಗೆ ಈ ವೃತ್ತಿಗೆ ಹೋಗುವ ದಾರಿ ದೂರವಾದರೂ ಮುಚ್ಚಿಲ್ಲ. ಪಿಯುಸಿಯಲ್ಲಿ ವಿಜ್ಞಾನ, ಬಳಿಕ ಭೂವಿಜ್ಞಾನ ಅಥವಾ ರಸಾಯನ ವಿಜ್ಞಾನದಲ್ಲಿ ಬಿ.ಎಸ್ಸಿ. ಬೇಕು. ಭೂವಿಜ್ಞಾನದ ಸ್ನಾತಕೋತ್ತರ ವಿಭಾಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಇದೆ. ಜಾಮ್ ಪರೀಕ್ಷೆ ಬರೆದು ಐಐಟಿಗಳಿಗೂ ಹೋಗಬಹುದು. ನಂತರ ನೆಟ್ ಅಥವಾ ಗೇಟ್ ಮೂಲಕ ಪಿಎಚ್.ಡಿ.ಗೆ ಅಹಮದಾಬಾದಿನ ಅದೇ ಪ್ರಯೋಗಾಲಯ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂತಾದ ಕಡೆ ಅವಕಾಶವಿದೆ. ನೀರಿನ ಕಡೆ ಆಸಕ್ತಿಯಿದ್ದವರಿಗೆ ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯಿದೆ, ಅದರ ಪ್ರಾದೇಶಿಕ ಕೇಂದ್ರ ಪಕ್ಕದ ಬೆಳಗಾವಿಯಲ್ಲೇ ಇದೆ. ಸ್ವಂತ ಯಂತ್ರವಿಲ್ಲದ ವಿಶ್ವವಿದ್ಯಾಲಯದವರೂ ಅರ್ಜಿ ಹಾಕಿ ಅಳೆಯಲೆಂದು ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಕಾಲನಿರ್ಣಯದ ರಾಷ್ಟ್ರೀಯ ಸೌಲಭ್ಯವೊಂದನ್ನು ಕಟ್ಟಲಾಗಿದೆ.

ಅಂಥ ಪ್ರಯೋಗಾಲಯಕ್ಕೆ ಆ ಹುಡುಗಿ ಮುಂದೊಂದು ದಿನ ಕಪ್ಪತಗುಡ್ಡದ ಕಲ್ಲಿನ ಚೀಲ ಹೊತ್ತು ಹೋದಳು ಎಂದಿಟ್ಟುಕೊಳ್ಳೋಣ. ಚೀಲ ಮೊದಲು ಮೂಲೆ ಸೇರುತ್ತದೆ. ಚಪ್ಪಲಿ ಬಿಟ್ಟು, ಕೂದಲು ಮುಚ್ಚಿ, ಕೈಗವಸು ತೊಟ್ಟು ಒಳಗೆ ಹೋದವಳ ಕೈಗೆ ಮೊದಲು ಕೊಡುವುದು ಖಾಲಿ ಟೆಫ್ಲಾನ್ ಬಟ್ಟಲು ಮತ್ತು ಒಂದಿಷ್ಟು ಆಮ್ಲ. ಬ್ಲಾಂಕ್ ತಗ್ಗುವವರೆಗೂ ಅದೇ ಕೆಲಸ. ಅದು ತಗ್ಗಿದ ಮೇಲೆ 91500ರಂಥ ಒರೆಯ ಹರಳಿನ ಚೂರು. ಅದರ ವಯಸ್ಸು ಎಲ್ಲರಿಗೂ ಗೊತ್ತಿದೆ, ಆದರೂ ಅವಳು ಅದನ್ನು ಮತ್ತೆ ಮತ್ತೆ ಅಳೆಯಬೇಕು. ಅವಳ ಅಂಕಿ ಬೇರೆಯವರ ಅಂಕಿಯ ಜೊತೆ ಕೂಡಿದ ದಿನ ಮೂಲೆಯಲ್ಲಿರುವ ಚೀಲದ ದಾರ ಬಿಚ್ಚುತ್ತಾರೆ.